ಹಮ್ಮನ ಹೆಸರಿನ ಆಪರೇಶನ್

ಸೋಮವಾರ ಬೆಳಿಗ್ಗೆ ಸಂತೆಗುಳಿಯ ಹಮ್ಮ ಕುಮಟಾ ಠಾಣೆಗೆ ಬಂದಳು. ಬೆಂಚು ತೋರಿಸಿದರೂ ಕೂರಲಿಲ್ಲ; ಗರ್ಭಕೋಶ ಜಾರಿದವಳಿಗೆ ಕೂರುವುದೂ ಶಿಕ್ಷೆಯೇ.

"ಎಂತ ಆತು?" ಪಿಎಸ್‌ಐ ರಂಜಿತಾ ಕೇಳಿದಳು.

"ಆಪ್ರೇಶನ್ ಮಾಡೂದಿಲ್ವಂತೆ. ನನ್ನ ಗರ್ಭಕೋಶ ಹೋದ ವರ್ಷವೇ ತೆಗ್ದಾರಂತೆ. ತೆಗ್ದಿದ್ರೆ ಈಗ ನನ್ನ ಜೀವ ತಿನ್ನೂದು ಎಂತದು?"

ನಗು ಬರಬೇಕಾದ ಮಾತು. ರಂಜಿತಾಳ ಮೈ ಉರಿಯಿತು. ಹೊನ್ನಾವರದ ಖಾಸಗಿ ಆಸ್ಪತ್ರೆಯೊಂದು ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಹಮ್ಮನ ಹೆಸರಿಗೆ ಶಸ್ತ್ರಚಿಕಿತ್ಸೆ ಬರೆದಿತ್ತು. ಅದು ಸುಳ್ಳೆಂದು ಪೊಲೀಸರು ವರದಿ ಕೊಡುವ ತನಕ ಮತ್ತೆ ಮಂಜೂರಾತಿ ಇಲ್ಲ. ಕೈಯಿಂದ ಖರ್ಚು ಮಾಡಿಕೊಳ್ಳುವ ತಾಕತ್ತು ಕೂಲಿ ಮಾಡುವ ಹಮ್ಮನಿಗಿಲ್ಲ. ಎಫ್‌ಐಆರ್ ದಾಖಲಾಯಿತು.

ಗರ್ಭಕೋಶ ದೇಹದಲ್ಲೇ ಇದೆ, ತಡಮಾಡಿದರೆ ಕಷ್ಟ ಎಂದು ತಾಲೂಕು ಆಸ್ಪತ್ರೆಯ ವೈದ್ಯೆ ಬರೆದುಕೊಟ್ಟಳು. ಮರುದಿನ ರಂಜಿತಾ ಹೊನ್ನಾವರಕ್ಕೆ ಹೋಗಿ, ಪಂಚರ ಎದುರು ಪಂಚನಾಮೆ ಮಾಡಿ ಕಡತ ವಶಪಡಿಸಿಕೊಂಡಳು. ತಾಳೆ ಹಾಕಿಸಿ ನೋಡಿದರೆ, ಅದರಲ್ಲಿದ್ದ ಬೆರಳಚ್ಚು ಹಮ್ಮನದೇ! ಅಯ್ಯೋ, ಈ ಹೆಂಗಸೇ ನಾಟಕ ಆಡುತ್ತಿದ್ದಾಳೋ ಹೇಗೆ ಎಂಬ ಅನುಮಾನವೂ ಅವಳಿಗೆ ಬಂತು. ಹಮ್ಮನನ್ನು ಮತ್ತೆ ಕರೆಸಿದಳು.

"ಆ ಆಸ್ಪತ್ರೆಗೆ ಹೋಗಿದ್ರಾ?"

"ದಿನಾ ಹೋಗ್ತಿದ್ದೆ, ಗಂಜಿ ಹೊತ್ಕಂಡು. ಲಕ್ಕಿಗೆ ಆಪ್ರೇಶನ್ ಆಗಿತ್ತಲ್ರಾ."

"ಲಕ್ಕಿ ಯಾರು?"

"ಆಚೆಮನೆಯವ್ಳು. ಮದುವೆಮನೇಲಿ ನಾ ಪದ ಎತ್ಕಂಡ್ರೆ ಅವ್ಳೇ ಸೊಲ್ಲು ಹಿಡೀಬೇಕು."

"ಹೆಬ್ಬೆಟ್ಟು ಎಲ್ಲಿ ಒತ್ತಿದ್ರಿ?"

"ಕೌಂಟರಿನಲ್ಲಿ. ರೋಗಿ ನೋಡೂಕೆ ಬಂದವ್ರೂ ಒತ್ತಬೇಕು ಅಂದ್ಲು ಲಕ್ಕಿ. ಕಾರ್ಡೂ ತರೂಕೆ ಹೇಳಿದ್ಲು. ನರ್ಸು 'ಹಮ್ಮ' ಅಂತ ಕರೆದ್ರೆ ನಾ ಎದ್ದು ನಿಂತೆ. 'ಕೂತ್ಕ, ಅದು ಬೇರೆ ಹಮ್ಮ' ಅಂದ್ಲು ಲಕ್ಕಿ..."

ತನ್ನ ಹೆಸರಿನಲ್ಲಿ ಮಲಗಿದ್ದವಳು ಲಕ್ಕಿಯೇ ಎಂದು ಹಮ್ಮನಿಗೆ ಆಗ ಹೊಳೆಯಿತು. ಕೊರಳ ತುಂಬ ಮಣಿಸರ ಹಾಕಿದ ಇಬ್ಬರಲ್ಲಿ ಯಾರು ಹಮ್ಮ, ಯಾರು ಲಕ್ಕಿ ಎಂದು ಕೌಂಟರಿನವರು ಕತ್ತೆತ್ತಿಯೂ ನೋಡಿರಲಿಲ್ಲ.

"ನಂಬಿಸಿ ಕುತ್ತಿಗೆ ಕೊಯ್ದ್ಲಲ್ರಾ," ಅಂದಳು ಹಮ್ಮ. ಆಮೇಲೆ ಅತ್ತಳು.

ಗುರುವಾರ ಮಧ್ಯಾಹ್ನ ರಂಜಿತಾ ಮಹಿಳಾ ಪೇದೆ ಪವಿತ್ರಾಳೊಡನೆ ಲಕ್ಕಿಯ ಅಂಗಳದಲ್ಲಿದ್ದಳು. ಲಕ್ಕಿ ಏನನ್ನೂ ಮುಚ್ಚಿಡಲಿಲ್ಲ.

"ಮಗ ಕಾರು ತಕಂಡ ಅಂತ ನಮ್ಮ ಕಾರ್ಡು ರದ್ದಾತು. ಕಾರು ಅವಂದು, ರಕ್ತ ಹೋಗೂದು ನಂದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಆದರೂ ರಂಜಿತಾಳಿಗೆ ಮನಸ್ಸು ತಡೆಯಲಿಲ್ಲ. "ಹಮ್ಮನನ್ನೇ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ಕೊಡ್ತಿದ್ಲು. ಆದ್ರೆ ನಾಳೆ ಅವ್ಳಿಗೇ ಬೇಕಾದ್ರೆ ಸಿಗೂದಿಲ್ಲ ಅಂತ್ಲೂ ಹೇಳ್ಬೇಕಿತ್ತು. ಅದ್ಕೆ ಬಾಯಿ ಬರ್ಲಿಲ್ಲ."

ಬಂಧನದ ಪತ್ರ ಸಿದ್ಧವಾಯಿತು. ಸುದ್ದಿ ಯಾರಿಗೆ ತಿಳಿಸಬೇಕೆಂದು ಕಾನೂನಿನಂತೆ ಕೇಳಲೇಬೇಕು. ಮಗ ಫೋನ್ ಎತ್ತಲಿಲ್ಲ.

"ಹಮ್ಮನಿಗೆ ತಿಳ್ಸಿ," ಅಂದಳು ಲಕ್ಕಿ, ತಲೆ ಎತ್ತದೆ.

ಹಮ್ಮ ಬೇಲಿಯಾಚೆ ನಿಂತೇ ಇದ್ದಳು. ರಂಜಿತಾ ಅವಳ ಮುಖ ನೋಡಿದಳು.

"ತಿಳೀತು ಅಂತ ಬರ್ಕಳಿ," ಎಂದು ಹಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.