ದೊಡ್ಡ ಪೀಪಾಯಿಯೊಳಗೆ ಬೆಳ್ಳಿಯಮ್ಮ

೧೯೮೪ರಲ್ಲಿ ನಡೆದದ್ದು. ತೊಂಡಾಮುತ್ತೂರಿನಾಚೆ ಬೆಟ್ಟದ ಬುಡದ ಹಳೆಯ ದ್ರಾಕ್ಷಿ ಎಸ್ಟೇಟಿನಲ್ಲಿ ಬೆಳ್ಳಿಯಮ್ಮ ಪೀಪಾಯಿ ತೊಳೆಯುವ ಕೆಲಸಕ್ಕಿದ್ದಳು. ಎರಡು ಜಾತಿಯ ದ್ರಾಕ್ಷಿಯ ವೈನು ಬೆರೆಸಿ ಮಾಡುವ ಅಲ್ಲಿನ ದುಬಾರಿ ಕೆಂಪು ವೈನಿಗೆ ಬಿಳಿಯರ ಕಾಲದ ದೊಡ್ಡ ಪೀಪಾಯಿಯೊಂದಿತ್ತು. ಒಳಗೆ ಆಳು ನೆಟ್ಟಗೆ ನಿಲ್ಲಬಹುದಿತ್ತು. ಹೋಗಿ ಬರಲು ಮಾತ್ರ ತೆವಳುವಷ್ಟೇ ಬಾಗಿಲು.

ಅವತ್ತು ಬೆಳಿಗ್ಗೆ ಅವಳು ಲಾಟೀನು ಹಿಡಿದು ಒಳಹೊಕ್ಕು ಹಲಗೆ ಉಜ್ಜತೊಡಗಿದಳು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆಯೂ ಬ್ರಷ್ ಉಜ್ಜುವ ಸದ್ದು ಕೇಳಿಸಿತು. ಅವಳು ಕೈ ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ತಿರುಗಿ ನೋಡಿದರೆ ಯಾರೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಸುತ್ತಲೂ ತಡವಿದಳು. ಕೈಗೆ ಸಿಕ್ಕಿದ್ದು ಬರೀ ಹಲಗೆ, ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು.

"ಮಾರಪ್ಪಣ್ಣಾ, ಕದವು ತೆಗೀಣ್ಣಾ" ಎಂದು ಹೊರಗಿದ್ದ ಮೇಸ್ತ್ರಿಯನ್ನು ಗಂಟಲು ಕಟ್ಟುವವರೆಗೂ ಕೂಗಿದಳು. ಕೊನೆಗೆ ಮಂಡಿಯಲ್ಲಿ ಮುಖ ಹುದುಗಿಸಿ ಕುಳಿತುಬಿಟ್ಟಳು. ಉಜ್ಜುವ ಸದ್ದು ಅವಳ ಕಿವಿಯ ಹತ್ತಿರಕ್ಕೇ ಬಂತು.

ಯಾರೋ ಕಾಲು ಹಿಡಿದು ಹೊರಗೆಳೆದರು. ಮಾರಪ್ಪನ್. ಹೊರಗೆ ನಡುಹಗಲ ಬಿಸಿಲು.

"ಅಷ್ಟು ಕೂಗಿದೆನಲ್ಲಣ್ಣಾ, ಕೇಳಲಿಲ್ಲವಾ?"

"ಎಲ್ಲಿ ಕೂಗಿದೆ? ಕದವು ತೆಗೆದೇ ಇತ್ತು, ನಾನು ಇಲ್ಲೇ ಕೂತಿದ್ದೆ. ನೀವಿಬ್ಬರೂ ಮಾತಾಡಿಕೊಂಡು ನಗ್ತಾ ಇದ್ದಿರಿ" ಎಂದ ಅವನು. "ಆ ಇನ್ನೊಬ್ಬಳನ್ನೂ ಬರಹೇಳು. ವೈನು ಬಿಡಬೇಕು."

ಬೆಳ್ಳಿಯಮ್ಮ ನೇರ ಮನೆಗೆ ನಡೆದಳು. ಮಾರಪ್ಪನ್ ಒಳಗೆ ಬಗ್ಗಿ ನೋಡಿ, ಯಾರನ್ನೂ ಕಾಣದೆ, ಬಾಗಿಲು ಬಿಗಿದು ವೈನು ತುಂಬಿಸಿದ. ಪ್ರತಿ ವರ್ಷ ಹಿಡಿಯುತ್ತಿದ್ದಷ್ಟು ಆ ಪೀಪಾಯಿ ಅಂದು ಹಿಡಿಯಲಿಲ್ಲ. ನಾಲ್ಕು ಕೊಡ ವೈನು ಹೊರಗೇ ಉಳಿಯಿತು.