ಗಿಜ್ಲಾನಳ ಮುಂದೆ ಬಿಚ್ಚುವ ಬೆರಳು

"ಬೆರಳು ಬಿಚ್ಚಿ, ಸೀ ಜಲ್ಲೂಲ್, ಇನ್ನೊಂಚೂರು," ಎಂದಳು ಗಿಜ್ಲಾನ್. ನನ್ನ ಗಂಡ ಜಲ್ಲೂಲನ ಬೆರಳುಗಳು ಬಿಚ್ಚಿಕೊಂಡವು.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಸ್ಟ್ರೋಕ್ ಹೊಡೆದು ಮೂರು ವರ್ಷ. ಆ ಬಲಗೈಗೆ ಎಣ್ಣೆ ತಿಕ್ಕಿದವಳು ನಾನು, ತುತ್ತು ಮಾಡಿ ಉಣ್ಣಿಸಿದವಳು ನಾನು. ನನ್ನ ಮುಂದೆ ಒಂದು ಬೆರಳೂ ಮಿಸುಕಲಿಲ್ಲ. ನಿನ್ನೆ ಮೊನ್ನೆ ಬಂದ ಫಿಸಿಯೊಥೆರಪಿ ಹುಡುಗಿ, ಕಣ್ಣಿಗೆ ಕಾಡಿಗೆ ಬೇರೆ, ಕರೆದರೆ ಐದೂ ಎದ್ದು ಸಲಾಮು ಹೊಡೆಯುತ್ತವೆ!

ಅವಳತ್ತ ನೋಡಿ ನಕ್ಕ ಬೇರೆ. ಮದುವೆಯ ಹೊಸದರಲ್ಲಿ ಆ ನಗು ನನ್ನದಾಗಿತ್ತು.

"ಬನ್ನಿ ಲಲ್ಲಾ ಜೊಹ್ರಾ," ಎಂದಳು ಗಿಜ್ಲಾನ್. "ಮೊದಲ ದಿನ ಇವರ ತಲೆಗೆ ಅಯಸ್ಕಾಂತದ ಯಂತ್ರ ಹಿಡಿದು ನೋಡಿದ್ವಿ, ಮಿದುಳಿನ ಸಂದೇಶ ಇವತ್ತಿಗೂ ಕೈಗೆ ತಲುಪ್ತಿದೆ. ಇಂಥ ಕೈ ಇಷ್ಟು ತಡವಾಗಿಯೂ ಸುಧಾರಿಸಬಹುದು ಅಂತ ಡಾಕ್ಟರು ಆವತ್ತೇ ಹೇಳಿದ್ರು. ಇವರು ನಿಮಗೆ ಹೇಳಲಿಲ್ವಾ? ಮನೇಲಿ ಊಟ ಯಾರು ಮಾಡಿಸ್ತಾರೆ?"

"ನಾನೇ," ಎಂದೆ ಹೆಮ್ಮೆಯಿಂದ. ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿ ಉಂಟೇ?

"ಅಲ್ಲೇ ತಪ್ಪಿದ್ದು. ಬಲಗೈಗೆ ಕೆಲಸಾನೇ ಇಲ್ಲ."

ಫೆಸ್ ಊರಿನ ಓಣಿಗಳುದ್ದಕ್ಕೂ ನಾನು ಸಿಟ್ಟಿನಲ್ಲಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಮನೆಯಲ್ಲಿ ಶುಕ್ರವಾರದ ಊಟ, ಆವಿಯಲ್ಲಿ ಬೆಂದ ರವೆಯ ಕುಸ್ಕುಸ್ ತಟ್ಟೆ ಮುಂದಿಟ್ಟಾಗ ತಡೆಯಲಾಗಲಿಲ್ಲ.

"ಅವಳ ಮುಂದೆ ಬಿಚ್ಚೋ ಬೆರಳು ನನ್ನ ಮುಂದೆ ಯಾಕೆ ಬಿಚ್ಚಲ್ಲ? ಆ ಕಾಡಿಗೆ ಅಷ್ಟು ಚೆಂದವಾ?"

"ಕಾಡಿಗೆ ನಾನು ನೋಡ್ಲೇ ಇಲ್ಲ."

"ಸುಳ್ಳ! ನಕ್ಕಿದ್ದು?"

"ಬೆರಳು ಆಡಿತಲ್ಲ, ಖುಷಿಗೆ ನಕ್ಕೆ." ಅವನು ತಲೆ ತಗ್ಗಿಸಿದ. "ಕೈ ಬಿದ್ದುಹೋಗೋ ಮುಂಚೆ ನೀನು ಯಾವತ್ತಾದ್ರೂ ನನ್ನ ಜೊತೆ ಉಂಡಿದ್ಯಾ ಜೊಹ್ರಾ? ಅಮ್ಮನ ಜೊತೆ ಅಡುಗೆಮನೇಲೇ ನಿನ್ನ ಊಟ. ಈಗ ದಿನಾ ನನ್ನ ಪಕ್ಕ ಕೂರ್ತೀಯ. ಕೈ ಬರುತ್ತೆ ಅಂತ ಡಾಕ್ಟರು ಹೇಳಿದಾಗ ಭಯ ಆಯ್ತು. ಬಂದ್ರೆ ನೀನು ಎದ್ದು ಹೋಗ್ತೀಯ. ಅದಕ್ಕೇ ಮನೇಲಿ ಆಡಿಸಲಿಲ್ಲ."

ಕತ್ತೆ! ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು, ಇವನಿಗೆ ಅಡುಗೆಮನೆಯ ಮೇಲೆ. ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ನನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ.

"ಉಣ್ಣು."

ಕುಸ್ಕುಸ್ ಅವನ ಗಡ್ಡಕ್ಕೆ, ಅಂಗಿಗೆ, ನನ್ನ ಮಡಿಲಿಗೆ ಉದುರಿತು. ಸಹಾಯಕ್ಕೆ ಹೋಗದಿರಲು ನನಗೆ ಜೀವ ಹೋದಷ್ಟಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೂಗಿದರು.

"ಅಮ್ಮ ಕರೀತಿದ್ದಾಳೆ, ಹೋಗು," ಎಂದ, ನನ್ನ ಮುಖ ನೋಡದೆ.

"ಕೈ ಬರುತ್ತೆ ಅಂತ ಡಾಕ್ಟರು ಹೇಳಿದ್ರು, ಸರಿ. ನಾನು ಹೋಗ್ತೀನಿ ಅಂತ ಯಾವ ಡಾಕ್ಟರು ಹೇಳಿದ್ದು? ಬೇಗ ಉಣ್ಣು. ನನಗೂ ಹಸಿವಾಗಿದೆ."