ಆಡಿನ ಪಾಲಾದ ಮಾತ್ರೆ

ಜಯಕ್ಕ ಹಿರಿಯೂರಿನ ಆಸ್ಪತ್ರೆಗೆ ನುಗ್ಗಿದ ರಭಸಕ್ಕೆ ವೇದಾವತಿ ಹೊಳೆ ಅರ್ಧ ಗಳಿಗೆ ಹಿಂದಕ್ಕೆ ಹರಿಯಿತು! ೧೯೭೬ರ ಆ ಬೇಸಿಗೆಯಲ್ಲಿ ಹೊಳೆಯಲ್ಲಿ ನೀರೇ ಇರಲಿಲ್ಲ ಎನ್ನುವವರ ಮಾತು ಕೇಳಬೇಡಿ.

ಎಡಗೈಯಲ್ಲಿ ತೀರಿಹೋದ ಅಕ್ಕನ ಹಾಲುಗೂಸು ಈರಿ. ಬಲಗೈಯಲ್ಲಿ ಆ ಕೂಸಿಗೆ ಹಾಲು ಕೊಡುವ ಆಡಿನ ಹಗ್ಗ!

"ಆಡು ಹೊರಗೆ!" ಎಂದು ಗದರಿ ಡಾಕ್ಟರ್ ಚಿತ್ರಲಿಂಗಪ್ಪ ತಲೆಯೆತ್ತಿದ... ಅಷ್ಟೇ. ನೂರು ಸಂಬಂಧ ವಾಪಸ್ ಕಳಿಸಿದ್ದ ಬ್ರಹ್ಮಚಾರಿಯ ಎದೆ, ದುರ್ಗದ ಏಳು ಸುತ್ತಿನ ಕೋಟೆಯಂಥ ಎದೆ, ಒಂದೇ ನೋಟಕ್ಕೆ ಕುಸಿಯಿತು!

"ಆಡು ಹೊರಗಾದ್ರೆ ನಾನೂ ಹೊರಗೆ. ಮೊದ್ಲು ಕೂಸಿನ ಕಣ್ಣು ನೋಡ್ರಿ!"

ಈರಿಯ ಎಡಗಣ್ಣಿನ ರೆಪ್ಪೆಯ ಮೇಲೆ ಪಾಪಾಸುಕಳ್ಳಿ ಹಣ್ಣಿನಂಥ ಕೆಂಪು ಗಂಟು. ಕಣ್ಣು ಮುಚ್ಚಿಯೇ ಹೋಗಿತ್ತು.

"ರಕ್ತನಾಳದ ಗಂಟು. ಜೀವಕ್ಕೆ ಅಪಾಯ ಇಲ್ಲ, ನಿಧಾನಕ್ಕೆ ತಾನೇ ಇಳಿಯುತ್ತೆ. ಆದ್ರೆ ಅಲ್ಲೀವರೆಗೂ ಕಣ್ಣು ಮುಚ್ಚೇ ಇದ್ರೆ, ಅದು ನೋಡೋದನ್ನೇ ಕಲಿಯಲ್ಲ."

ದಾರಿ ಎರಡಿದ್ದವು. ಬಾಯಿಗೆ ಸ್ಟಿರಾಯ್ಡ್ ಮಾತ್ರೆ, ಇಲ್ಲವೇ ಗಂಟಿಗೇ ಸ್ಟಿರಾಯ್ಡ್ ಸೂಜಿ. ಹೊಸದುರ್ಗದಿಂದ ಬಂದಿದ್ದ ದುರುಗಕ್ಕನ ಮಗನಿಗೆ ಕೆನ್ನೆಯ ಮೇಲೆ ಇಂಥದೇ ಗಂಟು. ಅವನಿಗೆ ಸೂಜಿ, ಈರಿಗೆ ಮಾತ್ರೆ.

"ಕಣ್ಣಿನ ಹತ್ರ ಸೂಜಿ ಹಾಕಿದ್ರೆ ದೃಷ್ಟಿಗೇ ಹೊಡೆತ ಬೀಳಬಹುದು. ವಾರವಾರ ಇಬ್ರನ್ನೂ ಹೋಲಿಸಿ ನೋಡಾಣ."

ಹೋಲಿಸಿದರು. ದುರುಗಕ್ಕನ ಮಗನ ಗಂಟು ಬಿಳಿಚಿ ಕುಗ್ಗಿತು. ಈರಿಯದು ಬೆಳೆಯಿತು.

ಈರಿಯ ಗಂಟು ಅಳೆಯುವಾಗೊಮ್ಮೆ ಚಿತ್ರಲಿಂಗಪ್ಪನ ಬೆರಳು ಜಯಕ್ಕನ ಬೆರಳಿಗೆ ತಾಗಿತು... ಗುಡುಗು ಧರ್ಮಪುರ ದಾಟಿ ಆಂಧ್ರದವರೆಗೂ ಕೇಳಿಸಿತಂತೆ! ಜಯಕ್ಕನಿಗೆ ಮಾತ್ರ ಅಳು ಬಂತು. 'ಇವರ ಮೇಲೆ ಮನಸ್ಸಿಟ್ಟೆ... ಅದಕ್ಕೇ ದೇವರು ಕೂಸಿನ ಕಣ್ಣು ಕಿತ್ಕೊಂಡನಾ?'

ಕೊನೆಗೊಂದು ದಿನ ಸಿಡಿದಳು.

"ದುರುಗಕ್ಕನ ಮಗನಿಗೆ ಒಳ್ಳೆ ಮದ್ದು, ಕುರಿ ಕಾಯೋರ ಕೂಸಿಗೆ ಸುಣ್ಣದ ಬಿಲ್ಲೇನಾ?"

"ನೀನು ಮಾತ್ರೆ ಕೊಡ್ತಾನೇ ಇಲ್ಲ, ಜಯಕ್ಕ!"

"ಜುಂಜಪ್ಪನಾಣೆ, ಒಂದಿನಾನೂ ತಪ್ಪಿಸಿಲ್ಲ! ಸೂಜೀನೇ ಹಾಕ್ರಿ!"

ಅವನು ಸೂಜಿ ಹಿಡಿದ. ರೆಪ್ಪೆಯ ಹತ್ತಿರ ತಂದು ಹಿಂದಕ್ಕೆ ತೆಗೆದ.

"ಯಾವ ಮದ್ದು ಗೆಲ್ಲುತ್ತೋ ನಿಜವಾಗ್ಲೂ ನನಗೂ ಗೊತ್ತಿಲ್ಲ, ಜಯಕ್ಕ... ನನ್ನ ಕೈಯಿಂದಲೇ ಈ ಕಣ್ಣು ಹೋದ್ರೆ?"

ಡಾಕ್ಟರೇ ಹೀಗಂದರೆ ಯಾರನ್ನು ಕೇಳುವುದು? ಆದರೂ ಅವನ ತುಂಬಿದ ಕಣ್ಣು ಕಂಡು ಅವಳ ಸಿಟ್ಟು ಉಡುಗಿಹೋಯಿತು.

ಅಷ್ಟರಲ್ಲಿ ಆಸ್ಪತ್ರೆ ಅಂಗಳದ ಬೇವಿನ ಮರದಡಿಯಿಂದ ದುರುಗಕ್ಕನ ಕೂಗು: "ಲೇ ಜಯಕ್ಕ, ನಿನ್ನ ಆಡು ನನ್ನ ಬುತ್ತಿ ತಿಂದು ಬುತ್ತಿಬಟ್ಟೇನೂ ತಿಂತಲ್ಲೇ! ಏನೇ ಹಾಕ್ತೀಯ ಇದಕ್ಕೆ? ಗೌಡನ ಹಂಗೆ ಊದ್ಕೊಂಡೈತೆ!"

"ದಿನಾ ಡಾಕ್ಟ್ರ ಮಾತ್ರೆ ಹಾಕ್ತೀನಲ್ಲ..."

ಸೂಜಿ ತಟ್ಟೆಗೆ ಬಿತ್ತು.

"ಆಡಿಗಾ?!"

"ಮತ್ತೆ? ಮರಿಗೆ ಕಾಯಿಲೆ ಬಂದ್ರೆ ತಾಯಿಗಲ್ವೇನ್ರಿ ಮದ್ದು? ಹಾಲಿನಾಗೆ ಇಳೀತೈತೆ. ಈರಿಗೆ ತಾಯಿ ಅಂದ್ರೆ ಈ ಆಡೇ..."

ಮಾತು ಅಲ್ಲೇ ನಿಂತಿತು. ಅವನ ಮುಖ ನೋಡಿ ಅವಳಿಗೆ ಎಲ್ಲವೂ ತಿಳಿಯಿತು.

"ಅಯ್ಯೋ... ನನ್ನ ಕೈಯಾರೆ..."

"ತಪ್ಪು ನಂದು. ಕೊಡು ಅಂದೆ, ಯಾರ ಬಾಯಿಗೆ ಅಂತ ತೋರಿಸ್ಲಿಲ್ಲ."

ಅವನೇ ಮಾತ್ರೆ ಪುಡಿ ಮಾಡಿದ. ಅವಳು ಕೂಸಿನ ತುಟಿ ಬಿಡಿಸಿದಳು. ಇನ್ನು ಕಾಯುವುದಲ್ಲದೆ ಇಬ್ಬರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಮುಂಗಾರು ಬೀಳುವ ಹೊತ್ತಿಗೆ ರೆಪ್ಪೆ ತೆರೆಯಿತು. ಹೆಚ್ಚೇನಲ್ಲ, ನೂಲಿನಷ್ಟು. ಅವನು ಈರಿಯ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದ. ಜಯಕ್ಕ ಸೆರಗಿನ ಕೆಂಪು ಅಂಚು ಆಡಿಸಿದಳು.

ಈರಿ ಆ ಕಡೆ ತಿರುಗಿದಳು!

"ನೋಡಿದ್ಲು... ನೋಡಿದ್ಲು ಕಣ್ರಿ!"

"ಪೂರ್ತಿ ಇಳಿಯೋಕೆ ವರ್ಷಗಳೇ ಬೇಕು, ಜಯಕ್ಕ. ಆಮೇಲೂ ಎಷ್ಟು ಕಾಣುತ್ತೋ, ಹೇಳಕ್ಕಾಗಲ್ಲ."

"ಹಂಗಾದ್ರೆ ವಾರವಾರ ಬರ್ತಾನೇ ಇರ್ಬೇಕಾ?"

"ಬಂದು ಹೋಗೋದು ಬ್ಯಾಡ. ಈರೀನ ಕರ್ಕೊಂಡು... ನನ್ನ ಮನೇಲೇ ಇದ್ಬಿಡು."

ಅವಳು ನೆಲ ನೋಡಿದಳು. ಮೆಲ್ಲಗೆ ಕೇಳಿದಳು.

"ಆಡು?"

"ಒಳಗೆ."